ಗೆರೆ ದಾಟದ ಜೋಳ

ಆರು ವರ್ಷ ಪಾಠ ಹೇಳಿದ ಒಂದು ಲೆಕ್ಕ ನನಗೇ ಅರ್ಥವಾಗಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗ ಇತ್ತು. ಅನಂತ ಗುಣೋತ್ತರ ಶ್ರೇಢಿ ಎಂದು ಆ ಲೆಕ್ಕದ ಹೆಸರು. ಒಂದು, ಅದರ ಅರ್ಧ, ಆ ಅರ್ಧದ ಅರ್ಧ, ಹೀಗೆ ಮುಗಿಯದಂತೆ ಕೂಡಿಸುತ್ತ ಹೋಗುವುದು. ಒಟ್ಟು ಎಷ್ಟಾಗುತ್ತದೆ ಎಂದರೆ ‘ಎ ಬೈ ಒನ್ ಮೈನಸ್ ಆರ್’ ಎಂಬ ಸೂತ್ರವಿದೆ. ಎ ಎಂದರೆ ಮೊದಲ ಸಂಖ್ಯೆ, ಆರ್ ಎಂದರೆ ಪ್ರತಿ ಸಲ ಗುಣಿಸುವ ಅನುಪಾತ. ಎ ಒಂದು, ಆರ್ ಅರ್ಧ ಆದರೆ ಉತ್ತರ ಎರಡು. ಮೈನಸ್ ಚಿಹ್ನೆ ಬಿಟ್ಟು ನೋಡಿದಾಗ ಆರ್ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ಸೂತ್ರ ನಡೆಯುತ್ತದೆ ಎಂಬ ಷರತ್ತನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಸುತ್ತ ಚೌಕ ಹಾಕುತ್ತಿದ್ದೆ. ಯಾಕೆ ಹಾಗೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ನನ್ನ ಮೇಷ್ಟ್ರನ್ನು ಕೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೊಟ್ಟೂರಿನ ಒಂದು ಪಿ.ಯು. ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ನನ್ನ ತವರು ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನ ದಾವಣಗೆರೆ ಕಡೆಯ ಮಾತನ್ನು ಅಣಕಿಸಿ, ಬಂದ ನೆಂಟರಿಗೆಲ್ಲ ಆಡಿ ತೋರಿಸುತ್ತಿದ್ದರು. ಯಜಮಾನರಿಗೆ ಹಡಗಲಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಮನೆಯಲ್ಲಿ ಅತ್ತೆ ಮತ್ತು ನಾನು. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಮಾತು ಮಧ್ಯಾಹ್ನದ ತನಕ ಎಳೆದಾಡುತ್ತಿತ್ತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಜೋಳದ ರಾಶಿಯನ್ನು ಕಣ್ಣಳತೆಯಲ್ಲಿ ಎರಡು ಪಾಲು ಮಾಡಿದರೆ ತಕ್ಕಡಿಗೆ ಹಾಕಿ ನೋಡುವ ಅಗತ್ಯವಿರಲಿಲ್ಲ. ನನ್ನ ಡಿಗ್ರಿಯ ಬಗ್ಗೆ ಅವರಿಗೆ ಅಂಥ ಗೌರವವೇನೂ ಇಲ್ಲವೆಂದೇ ನಾನು ತಿಳಿದಿದ್ದೆ.

ಬೆಳಿಗ್ಗೆ ಏಳರಿಂದ ಎಂಟರವರೆಗೆ ಪಡಸಾಲೆಯಲ್ಲಿ ಟ್ಯೂಷನ್. ಏಳೆಂಟು ಹುಡುಗಿಯರು ಬರುತ್ತಿದ್ದರು. ಅದೇ ಹೊತ್ತಿಗೆ ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರ ರೊಟ್ಟಿಯ ಸದ್ದು ನಮಗೆ ಕೇಳುತ್ತಿತ್ತು, ನಮ್ಮ ಪಾಠ ಅವರಿಗೆ ಕೇಳುತ್ತಿತ್ತು. ಕೇಳುತ್ತಿತ್ತು ಎಂಬುದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅತ್ತೆಗೆ ಬಿ.ಪಿ. ಇತ್ತು. ಹಗರಿಬೊಮ್ಮನಹಳ್ಳಿಯ ಡಾಕ್ಟರೊಬ್ಬರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಎರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಅತ್ತೆ, ಊರವರಿಗೆಲ್ಲ ಮೂರು ಹೊತ್ತು ಗುಳಿಗೆ ಕೊಡುತ್ತೀರಿ, ನನಗೇಕೆ ಒಂದೇ ಎಂದು ಕೇಳಿದ್ದರು. ಡಾಕ್ಟರು ನಕ್ಕು, ಈ ಗುಳಿಗೆ ಮೈಯಿಂದ ನಿಧಾನವಾಗಿ ಹೋಗುತ್ತದೆ, ಇವತ್ತು ಇದ್ದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ನಾಳೆ ಬೆಳಿಗ್ಗೆಯೂ ಉಳಿದಿರುತ್ತದೆ, ಅದಕ್ಕೇ ಒಂದು ಸಾಕು ಎಂದಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಗುಳಿಗೆಯನ್ನು ಅವರ ಅಂಗೈಗೆ ಹಾಕುವುದು ನನ್ನ ಕೆಲಸ. ಅವರು ಅದನ್ನೂ ನೀರಿನ ಚೊಂಬನ್ನೂ ಹಿಡಿದು ಹಿತ್ತಲ ಕಟ್ಟೆಗೆ ಹೋಗಿ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಟ್ಯೂಷನ್ನಿನಲ್ಲಿ ಈ ಶ್ರೇಢಿಯ ಪಾಠ ನಡೆದಿತ್ತು. ಕೋಗಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಹೆಚ್ಚು ಮಾತಾಡದವಳು, ಎದ್ದು ನಿಂತು ಕೇಳಿದಳು:

“ಮುಗೀಲಾರದ್ದಕ್ಕ ಉತ್ತರ ಹೆಂಗ ಬರತೈತ್ರಿ ಮಿಸ್?”

ನನಗೆ ಕಾಲೇಜಿಗೆ ಹೊತ್ತಾಗಿತ್ತು. ಅದಕ್ಕಿಂತ ಹೆಚ್ಚಾಗಿ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ದನಿ ಏರಿಸುವುದು ನನ್ನ ಹಳೆಯ ಚಾಳಿ. ಹಳೆಯದರಲ್ಲಿ ಅರ್ಧ ಉಳಿಯಿತು, ಅದರ ಮೇಲೆ ಹೊಸದೊಂದು ಬಂತು, ಮತ್ತೆ ಅರ್ಧ ಉಳಿಯಿತು, ಮತ್ತೊಂದು ಬಂತು, ಹೀಗೆ ಕೂಡುತ್ತ ಕೂಡುತ್ತ ಹೋಗುತ್ತದೆ, ಇದಕ್ಕೆ ಕೊನೆಯೇ ಇಲ್ಲ, ಅದಕ್ಕೇ ಅನಂತ ಅನ್ನುವುದು, ಪರೀಕ್ಷೆಗೆ ಸೂತ್ರ ಬರೆದರೆ ಸಾಕು ಎಂದು ಗದರಿ ಕೂರಿಸಿದೆ. ಒಳಗೆ ರೊಟ್ಟಿಯ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು. ಹೆಂಚು ಆರಿರಬೇಕು ಎಂದುಕೊಂಡೆ.

ಹನ್ನೊಂದು ದಿನ ಕಳೆದಿರಬೇಕು. ಮುಖ ತೊಳೆಯಲು ಹೋದ ಅತ್ತೆ ಬಚ್ಚಲ ಹೊಸ್ತಿಲಲ್ಲಿ ಗೋಡೆ ಹಿಡಿದು ಹಾಗೇ ಕುಸಿದು ಕೂತರು. ಕಣ್ಣಿಗೆ ಕತ್ತಲು ಬಂದಂತಾಯಿತು, ತಲೆ ಸಿಡಿಯುತ್ತಿದೆ ಎಂದರು. ಕಾಲೇಜಿಗೆ ರಜೆ ಹೇಳಿ ಕಳಿಸಿ, ಅವರನ್ನು ಬಸ್ಸು ಹತ್ತಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಒಂದು ಸಲ ನೋಡಿದರು, ಸುಮ್ಮನೆ ಕೂರಿಸಿ ಮತ್ತೊಂದು ಸಲ ನೋಡಿದರು. ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು. ನಾನು ಎದೆ ತಟ್ಟಿಕೊಂಡವಳ ಹಾಗೆ, ದಿನಾ ನಾನೇ ಕೈಯಾರೆ ಕೊಡುತ್ತೇನೆ ಎಂದೆ. ಅತ್ತೆ ಗೋಡೆ ನೋಡುತ್ತ ಕೂತಿದ್ದರು. ಹಾಗಾದರೆ ಈ ಗುಳಿಗೆ ಸಾಲುತ್ತಿಲ್ಲ ಎಂದು ಡಾಕ್ಟರು ಎರಡನೆಯದೊಂದು ಬರೆದರು. ಹೀಗೇ ಬಿಟ್ಟರೆ ಲಕ್ವ ಹೊಡೆಯಬಹುದು ಎಂದು ನನ್ನನ್ನು ಮಾತ್ರ ಹೊರಗೆ ಕರೆದು ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರ ತೋಳು ಬಿಡದೆ ಹಿಡಿದು ಕೂತಿದ್ದೆ. ಮಗ ಊರಲ್ಲಿಲ್ಲ. ಇವರಿಗೆ ಏನಾದರೂ ಆದರೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂಬ ಒಂದೇ ಯೋಚನೆ.

ಮನೆಗೆ ಬಂದು ಅವರನ್ನು ಮಲಗಿಸಿದೆ. ಅವರ ಎಲೆಚಂಚಿ ಸೊಂಟದಿಂದ ಜಾರಿ ಚಾಪೆಯ ಮೇಲೆ ಬಿದ್ದಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಡುವ, ನಾಲ್ಕೈದು ಅರೆಗಳ ಬಟ್ಟೆಯ ಚೀಲ ಅದು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಎತ್ತಿ ದಿಂಬಿನ ಪಕ್ಕ ಇಡಲು ಹೋದಾಗ ಒಳಗೆ ಏನೋ ಕಾಳುಕಾಳಾಗಿ ಕೈಗೆ ಹತ್ತಿತು. ಬಿಚ್ಚಿ ನೋಡಿದರೆ ಒಂದು ಅರೆಯಲ್ಲಿ ಗುಳಿಗೆಗಳು. ಎಣಿಸಿದೆ, ಹನ್ನೊಂದು. ಕೆಲವಕ್ಕೆ ಅಡಿಕೆಯ ಪುಡಿ ಮೆತ್ತಿತ್ತು.

ನಾನು ಕೂಗಾಡಿದೆ. ನಿಮ್ಮ ಜೀವಕ್ಕೆ ನಿಮಗೇ ಬೆಲೆ ಇಲ್ಲವೇ, ಡಾಕ್ಟರ ಮುಂದೆ ನನ್ನನ್ನು ಸುಳ್ಳಿ ಮಾಡಿದಿರಲ್ಲ ಎಂದು ಏನೇನೋ ಅಂದೆ. ಅತ್ತೆ ಎಂದಿನಂತೆ ತಿರುಗಿ ಬೀಳಲಿಲ್ಲ. ಎದ್ದು ಗೋಡೆಗೆ ಒರಗಿ ಕೂತು ನಿಧಾನವಾಗಿ ಹೇಳಿದರು:

“ಅರ್ಧ ಮೈಯಾಗ ಉಳೀತೈತಂತ ಡಾಕ್ಟರ್ ಹೇಳ್ಯಾರ. ಹಿಂಗ ಅರ್ಧ ಉಳದು ಮ್ಯಾಲ ಮತ್ತೊಂದು ಬೀಳ್ತಿದ್ರ ಅದಕ್ಕ ಕೊನೀನ ಇಲ್ಲಂತ ನೀ ಹೇಳಿದಿ. ಎರಡು ವರ್ಷದಿಂದ ನುಂಗೀನಿ. ಇನ್ನ ನುಂಗಿದ್ರ ಈ ಮೈ ಎಲ್ಲಿ ತಡೀತೈತಿ? ಓದಿದಾಕಿ ನೀ, ಸುಳ್ಳ ಹೇಳ್ತೀಯೇನು?”

ಇಷ್ಟು ವರ್ಷದಲ್ಲಿ ನನ್ನ ಒಂದು ಮಾತನ್ನು ಅತ್ತೆ ಮರುಮಾತಿಲ್ಲದೆ ನಂಬಿದ್ದು ಅದೇ ಮೊದಲು. ಅದೂ ನಾನು ತಿಳಿಯದೆ, ಹುಡುಗಿಯ ಬಾಯಿ ಮುಚ್ಚಿಸಲು ಆಡಿದ ಮಾತನ್ನು. ನಾಚಿಕೆಯಾಯಿತು.

ಸಂಜೆ ಎಸ್.ಟಿ.ಡಿ. ಬೂತಿನಿಂದ ಡಾಕ್ಟರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡನೆಯ ಗುಳಿಗೆ ಬೇಡವೇ ಬೇಡ, ಹಳೆಯದನ್ನೇ ಕೂಡಲೇ ಶುರು ಮಾಡಿ, ಹದಿನೈದು ದಿನಕ್ಕೆ ಕರೆದುಕೊಂಡು ಬನ್ನಿ ಎಂದರು. ಶುರು ಮಾಡಿ ಎಂದು ಅವರು ಹೇಳಿದರಾಯಿತು, ಶುರು ಮಾಡುವವರು ಕೇಳಬೇಕಲ್ಲ. ಅತ್ತೆಯ ಮುಂದೆ ಲೆಕ್ಕ ಬರೆದ ಪಟ್ಟಿ, ಅಂದರೆ ನೋಟ್‌ಬುಕ್ಕು, ಹಿಡಿದು ಕೂತೆ. ಮೊದಲ ದಿನ ಮೈಯಲ್ಲಿ ಒಂದು ಗುಳಿಗೆ. ಎರಡನೆಯ ದಿನ ಒಂದೂವರೆ. ಮೂರನೆಯ ದಿನ ಒಂದೂಮುಕ್ಕಾಲು. ನಾಲ್ಕನೆಯ ದಿನ ಅದಕ್ಕಿಂತ ತುಸು ಹೆಚ್ಚು. ಹೀಗೆ ಎಷ್ಟು ವರ್ಷ ನುಂಗಿದರೂ ಎರಡನ್ನು ದಾಟುವುದಿಲ್ಲ, ಸೂತ್ರ ಹಾಗೆ ಹೇಳುತ್ತದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ದಿನಾ ಬೆಳ್ಯಾಕತ್ತೈತಿ ಅಂತ ನೀನ ಓದಾಕತ್ತಿ. ದಿನಾ ಬೆಳಿಯೂದು ದಾಟಲಾರದ ಹೆಂಗ ಇರತೈತಿ?”

ಪಟ್ಟಿ ಮುಚ್ಚಿ ಹಿತ್ತಲಿಗೆ ಎದ್ದು ಹೋದೆ. ಸಿಟ್ಟು ಬಂದಿತ್ತು, ಆದರೆ ಅವರ ಮೇಲಲ್ಲ. ಕೋಗಳಿಯ ಹುಡುಗಿ ಕೇಳಿದ್ದೂ ಇದನ್ನೇ. ಪ್ರತಿ ದಿನ ಏರುವ ಸಂಖ್ಯೆಗೆ ಮೇಲೊಂದು ಗೋಡೆ ಇದೆ ಎಂದು ನಾನು ಸೂತ್ರದ ಬಲದಲ್ಲಿ ಹೇಳುತ್ತಿದ್ದೆ; ಗೋಡೆಯನ್ನು ನಾನೇ ನೋಡಿರಲಿಲ್ಲ. ಬೆಳಕು ಇರುವ ತನಕ ಕಟ್ಟೆಯ ಮೇಲೆ ಕೂತು ಅದೇ ನಾಲ್ಕು ಸಂಖ್ಯೆಗಳನ್ನು ನೋಡಿದೆ. ಎಷ್ಟಾಯಿತು ಎಂದು ನೋಡುವುದನ್ನು ಬಿಟ್ಟು ಎರಡಕ್ಕೆ ಎಷ್ಟು ಕಡಿಮೆ ಬಿತ್ತು ಎಂದು ಬರೆದೆ. ಒಂದು, ಅರ್ಧ, ಕಾಲು, ಅರೆಕಾಲು. ಕೊರತೆ ದಿನಾ ಅರ್ಧ ಆಗುತ್ತಿತ್ತು. ಅಂದರೆ ದಿನಾ ಬೆಳೆಯುತ್ತದೆ ನಿಜ, ಆದರೆ ಉಳಿದ ಜಾಗದ ಅರ್ಧದಷ್ಟೇ ಬೆಳೆಯುತ್ತದೆ. ಉಳಿದ ಜಾಗದಲ್ಲಿ ಅರ್ಧವನ್ನಷ್ಟೇ ತುಂಬುವುದು ಆ ಜಾಗವನ್ನು ದಾಟಿ ಹೋಗುವುದಾದರೂ ಹೇಗೆ? ಒಬ್ಬಳೇ ಕೂತು ನಕ್ಕೆ. ಎಂ.ಎಸ್ಸಿ. ಮುಗಿಸಿ ಅಷ್ಟು ವರ್ಷವಾದ ಮೇಲೆ.

ಆದರೆ ಅತ್ತೆಗೆ ಪಟ್ಟಿಯ ಮೇಲೆ ನಂಬಿಕೆ ಹೋಗಿತ್ತು. ಕಣ್ಣಿಗೆ ಕಾಣಬೇಕು. ಮರುದಿನ ಭಾನುವಾರ, ಯಜಮಾನರು ಆ ವಾರ ಬಂದಿರಲಿಲ್ಲ. ಬೆಳಿಗ್ಗೆ ಗುಳಿಗೆ ಕೊಟ್ಟರೆ ಕೈ ಹಿಂದೆ ಎಳೆದುಕೊಂಡರು. ಜೋಳದ ಚೀಲ, ಮೊರ, ಸೇರು, ಅಚ್ಚೇರು ತಂದು ಅವರ ಮುಂದಿಟ್ಟೆ. ಅಚ್ಚೇರು ಎಂದರೆ ಅರ್ಧ ಸೇರು. ಅಚ್ಚೇರು ಜೋಳವೇ ಒಂದು ಗುಳಿಗೆ, ಸೇರೇ ನಿಮ್ಮ ಮೈ. ದಿನಾ ಒಂದು ಅಚ್ಚೇರು ಹಾಕೋಣ, ಮರುದಿನಕ್ಕೆ ಇದ್ದದ್ದರಲ್ಲಿ ಅರ್ಧ ಹೊರಗೆ ತೆಗೆಯೋಣ. ಸೇರು ತುಂಬಿ ಚೆಲ್ಲಿದರೆ ನೀವು ಗೆದ್ದಿರಿ, ಗುಳಿಗೆಯನ್ನು ನಾನೇ ಬಚ್ಚಲಿಗೆ ಹಾಕುತ್ತೇನೆ ಎಂದೆ. ಮಾತು ಬಾಯಿಂದ ಹೋದ ಮೇಲೆ ಭಯವಾಯಿತು. ಅತ್ತೆ ಒಪ್ಪಿದರು, ಆದರೆ ಅಳೆಯುವವಳು ತಾನೇ ಎಂದರು.

ಮೊದಲ ದಿನದ್ದೆಂದು ಒಂದು ಅಚ್ಚೇರು ಹಾಕಿದರು. ಮೊರಕ್ಕೆ ಸುರಿದು, ಅಂಗೈ ಅಂಚಿನಿಂದ ಎರಡು ಪಾಲು ಮಾಡಿ, ಒಂದನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಸೇರಿಗೆ ಹಾಕಿದರು. ಮೇಲೆ ಎರಡನೆಯ ಅಚ್ಚೇರು. ಮತ್ತೆ ಪಾಲು, ಮೂರನೆಯದು. ಸೇರಿನ ಬಾಯಿ ಮುಚ್ಚಿ ಮೇಲೆ ಸಣ್ಣ ಗುಡ್ಡೆ ನಿಂತಿತು. ನನಗೆ ಎಲ್ಲೋ ಏನೋ ತಪ್ಪಿದಂತೆ ಅನಿಸಿತು. ನಾಲ್ಕನೆಯ ಸಲ ಸುರಿದಾಗ ಜೋಳ ಅಂಚು ದಾಟಿ ನೆಲದ ಮೇಲೆ ಪುಟಪುಟನೆ ಉದುರಿತು.

ಅತ್ತೆ ಗೆದ್ದವರ ಮುಖ ಮಾಡಲಿಲ್ಲ. ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದರು. ನಡುನಡುವೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಆಗ ನನಗೆ ಗೊತ್ತಾಯಿತು, ನಾನು ಗೆಲ್ಲಲಿ ಎಂದು ಅವರೂ ಕಾಯುತ್ತಿದ್ದರು. ಅವರಿಗೂ ಹೆದರಿಕೆಯೇ. ಗುಳಿಗೆ ನುಂಗಿದರೂ ಸಾವು, ಬಿಟ್ಟರೂ ಸಾವು ಎಂದುಕೊಂಡು ಹನ್ನೊಂದು ದಿನ ಒಬ್ಬರೇ ಕಳೆದಿದ್ದರು. ನನಗೆ ಅಳುವೇ ಬಂತು.

ಅಳುತ್ತಲೇ ಪಕ್ಕದಲ್ಲಿದ್ದ ಅಚ್ಚೇರಿನ ಕಡೆ ನೋಡಿದೆ. ಐದನೆಯ ಸಲಕ್ಕೆಂದು ಅವರು ಮೊದಲೇ ತುಂಬಿಟ್ಟಿದ್ದರು. ಅಂಚಿನ ಮೇಲೆ ಇನ್ನೊಂದು ಹಿಡಿ ಜೋಳ ಗುಡ್ಡೆಯಾಗಿ ನಿಂತಿತ್ತು. ನಮ್ಮ ಕಡೆ ಮನೆಯ ಜೋಳವನ್ನು ಯಾರೂ ಅಂಚಿಗೆ ಸಮ ಬಳಿದು ಅಳೆಯುವುದಿಲ್ಲ. ಬಳಿದರೆ ಲಕ್ಷ್ಮಿ ಮುನಿದು ಹೋಗುತ್ತಾಳೆ. ಅತ್ತೆಯ ಕೈ ಅರವತ್ತು ವರ್ಷದಿಂದ ಗುಡ್ಡೆ ಏರಿಸಿಯೇ ಅಳೆದ ಕೈ. ಅವರ ಅಚ್ಚೇರು ಅರ್ಧ ಸೇರಿಗಿಂತ ಹೆಚ್ಚು. ಹೆಚ್ಚು ಹಾಕಿದರೆ ನಿಲ್ಲುವ ಜಾಗವೂ ಅಷ್ಟೇ ಮೇಲೆ ಹೋಗುತ್ತದೆ. ನಿಲ್ಲುವುದು ಮಾತ್ರ ತಪ್ಪುವುದಿಲ್ಲ. ಸೇರು ಸಣ್ಣದಾಗಿತ್ತು, ಅಷ್ಟೇ.

ಸಮ ಬಳಿಯಿರಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಎರಡು ಸೇರು ಹಿಡಿಯುವ ಹಿತ್ತಾಳೆ ಡಬರಿ ತಂದೆ. ನಿಮಗೆ ಬೇಕಾದಷ್ಟು ಗುಡ್ಡೆ ಏರಿಸಿ, ಆದರೆ ಪ್ರತಿ ಸಲ ಜೋಳ ಎಲ್ಲಿಗೆ ಬಂತೆಂದು ಗುರುತು ಹಾಕಿ ಎಂದೆ. ಅವರು ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದರು. ಮೊದಲ ಅಚ್ಚೇರು ಹಾಕಿ, ಡಬರಿಯನ್ನು ಅಲುಗಿಸಿ ಸಮ ಮಾಡಿ, ಒಳಮೈಗೆ ಕಿರುಬೆರಳಿನಿಂದ ಸುಣ್ಣದ ಗೆರೆ ಎಳೆದರು. ಎರಡನೆಯ ಗೆರೆ ಮೂರು ಬೆರಳು ಮೇಲೆ ಬಂತು. ಮೂರನೆಯದು ಒಂದೂವರೆ ಬೆರಳು ಮೇಲೆ. ನಾಲ್ಕನೆಯದು ಬೆರಳಿಗಿಂತ ಕಡಿಮೆ. ಐದನೆಯದಕ್ಕೂ ಆರನೆಯದಕ್ಕೂ ನಡುವೆ ಒಂದು ಕಾಳು ಹಿಡಿಯುವಷ್ಟು ಜಾಗ. ಏಳನೆಯದು ಆರನೆಯದರ ಮೇಲೇ ಬಂದು ಕೂತಿತು. ಎಂಟು, ಒಂಬತ್ತು, ಹತ್ತು. ಗೆರೆ ದಪ್ಪವಾಯಿತು, ಮೇಲೆ ಹೋಗಲಿಲ್ಲ. ಡಬರಿಯಲ್ಲಿ ಇನ್ನೂ ಬೇಕಾದಷ್ಟು ಜಾಗ ಖಾಲಿ ಇತ್ತು.

ಅತ್ತೆ ಸುಮ್ಮನೆ ಕೂರಲಿಲ್ಲ. ಹನ್ನೊಂದನೆಯ ಸಲ ಮೊರದಲ್ಲಿ ಪಾಲು ಮಾಡಿದ ಮೇಲೆ, ಹೊರಗೆ ಸರಿಸಿದ ಪಾಲನ್ನು ತೆಗೆದು ಬರಿದಾಗಿದ್ದ ಅಚ್ಚೇರಿಗೆ ಸುರಿದರು. ಅದು ಕೊನೆಯ ಕಾಳಿನ ತನಕ ಹಿಡಿಸಿತು, ಗುಡ್ಡೆ ಸಮೇತ.

“ಬರೂದು, ಹೋಗೂದು ಸಮ ಆಗೇತಿ. ಅದಕ್ಕ ನಿಂತೈತಿ,” ಎಂದರು.

ನಾನು ಬೆಚ್ಚಿದೆ. ಸೂತ್ರದ ಕೆಳಗಿರುವ ‘ಒನ್ ಮೈನಸ್ ಆರ್’ ಎಂದರೆ ಹೊರಗೆ ಹೋಗುವ ಪಾಲು. ಉಳಿಯುವುದು ಆರ್, ಹೋಗುವುದು ಒಂದರಲ್ಲಿ ಅದನ್ನು ಕಳೆದದ್ದು. ಯಾವ ಮೊತ್ತದಿಂದ ಆ ಪಾಲು ಹೊರಟಾಗ ಅದು ಹೊಸದಾಗಿ ಬರುವ ಎ ಗೆ ಸರಿಯಾಗಿ ಸಮವಾಗುತ್ತದೋ, ಅದೇ ಉತ್ತರ. ಆರು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ್ದನ್ನು ನನ್ನ ಅತ್ತೆ ಜೋಳದಲ್ಲಿ ಓದಿದ್ದರು.

ಅಷ್ಟಕ್ಕೇ ಬಿಡುವವರಲ್ಲ ಅವರು. ಅರ್ಧದ ಬದಲು ಕಾಲುಪಾಲು ಮಾತ್ರ ಹೊರಗೆ ಹೋದರೆ ಏನಾಗುತ್ತದೆ ಎಂದರು. ನಾಲ್ಕು ಅಚ್ಚೇರಿನ ಹತ್ತಿರ ಹೋಗಿ ನಿಲ್ಲುತ್ತದೆ, ನಾಲ್ಕರಲ್ಲಿ ಕಾಲುಪಾಲು ಎಂದರೆ ಒಂದು, ಬರುವುದೂ ಒಂದು ಎಂದೆ. ಈ ಸಲ ಸೂತ್ರ ನೆನೆಯಲಿಲ್ಲ, ಬಾಯಿಗೆ ತಾನೇ ಬಂತು. ಇನ್ನೂ ಕಡಿಮೆ ಹೋದರೆ? ಇನ್ನೂ ದೊಡ್ಡ ಪಾತ್ರೆ ಬೇಕು, ಆದರೆ ಅಂಥದೊಂದು ಪಾತ್ರೆ ಇದ್ದೇ ಇರುತ್ತದೆ. ಏನೂ ಹೋಗದಿದ್ದರೆ? ಆಗ ಯಾವ ಪಾತ್ರೆಯೂ ಸಾಲುವುದಿಲ್ಲ ಎಂದೆ. ನಾನು ಬೋರ್ಡಿನ ಮೂಲೆಯಲ್ಲಿ ಚೌಕ ಹಾಕುತ್ತಿದ್ದ ಷರತ್ತು ಇಷ್ಟೇ ಆಗಿತ್ತು. ಇದ್ದದ್ದರಲ್ಲಿ ಎಷ್ಟೇ ಸಣ್ಣದಾಗಲಿ, ಒಂದು ಪಾಲು ತಪ್ಪದೆ ಹೊರಗೆ ಹೋಗುತ್ತಿರಬೇಕು. ಹೆಗಲ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಯಿತು ನನಗೆ. ಗೊತ್ತಿಲ್ಲವೆಂಬುದೂ ಒಂದು ಭಾರ, ಅದನ್ನು ಹೊತ್ತಿದ್ದೆ ಎಂಬುದೇ ಗೊತ್ತಿರಲಿಲ್ಲ.

ಅತ್ತೆ ಕಾಳುಗಳ ಮೇಲೆ ಕೈಯಾಡಿಸುತ್ತ ಇನ್ನೇನೋ ಎಣಿಸುತ್ತಿದ್ದರು. ಮೊರದಲ್ಲಿದ್ದ ಜೋಳವನ್ನು ಅರ್ಧ ಮಾಡಿದರು, ಹೊಸದನ್ನು ಹಾಕಲಿಲ್ಲ. ಮತ್ತೆ ಅರ್ಧ ಮಾಡಿದರು. ಮತ್ತೆ ಅರ್ಧ. ಹನ್ನೊಂದು ಸಲ ಆಗುವ ಹೊತ್ತಿಗೆ ಮೊರದಲ್ಲಿ ಎಣಿಸಿದರೆ ನಾಲ್ಕೈದು ಕಾಳು.

“ಅಂದ್ರ ಈಗ ನನ್ನ ಮೈಯಾಗ ಇಷ್ಟ ಉಳದೈತಿ?”

ಹೌದೆಂದು ತಲೆಯಾಡಿಸಿದೆ. ಅವರು ಅಂಗೈ ಚಾಚಿದರು. ಗುಳಿಗೆ ಹಾಕಿದೆ. ಹಿತ್ತಲಿಗೆ ಹೋಗಲಿಲ್ಲ, ನನ್ನ ಎದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಆಮೇಲೆ, ಜೋಳವನ್ನೆಲ್ಲ ಎತ್ತಿಡು, ಸುಣ್ಣ ಬಿದ್ದಿದ್ದು ಬೇರೆ ಇಡು, ರೊಟ್ಟಿಗೆ ಬೆರೆಸಬೇಡ ಎಂದು ಎಂದಿನ ದನಿಯಲ್ಲಿ ಗದರಿದರು. ಆ ಗದರಿಕೆ ಕಿವಿಗೆ ಹಿತವಾಗಿತ್ತು, ಜೋಳ ಎತ್ತಿಡತೊಡಗಿದೆ.

ಸೋಮವಾರ ಟ್ಯೂಷನ್ನಿನಲ್ಲಿ ಕೋಗಳಿಯ ಹುಡುಗಿಯನ್ನು ನಿಲ್ಲಿಸಿ, ಅವತ್ತು ನೀನು ಕೇಳಿದ್ದು ನನಗೆ ಗೊತ್ತಿರಲಿಲ್ಲ, ಅದಕ್ಕೇ ಗದರಿದೆ ಎಂದೆ. ಉಳಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಬರಿ ತಂದು ಒಳಗಿನ ಸುಣ್ಣದ ಗೆರೆಗಳನ್ನು ತೋರಿಸಿ ಪಾಠವನ್ನು ಮೊದಲಿನಿಂದ ಹೇಳಿದೆ. ಒಳಗೆ ರೊಟ್ಟಿಯ ಸದ್ದು ನಡುವೆ ಎರಡು ಸಲ ನಿಂತಿತು. ನಿಂತಾಗಲೆಲ್ಲ ನಾನು ಮಾತನ್ನು ಇನ್ನಷ್ಟು ಜೋಪಾನವಾಗಿ ಆಡಿದೆ.

ಹದಿನೈದು ದಿನಕ್ಕೆ ಹಗರಿಬೊಮ್ಮನಹಳ್ಳಿಗೆ ಹೋದೆವು. ಡಾಕ್ಟರು ತೋಳಿಗೆ ಪಟ್ಟಿ ಸುತ್ತುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇಳಿದಿದೆ, ಚೆನ್ನಾಗಿ ಇಳಿದಿದೆ ಎಂದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಡಾಕ್ಟರು ಚೀಟಿ ಬರೆಯುತ್ತ, ಅಜ್ಜಿ, ಇನ್ನು ಇದನ್ನು ಬಿಡುವ ಹಾಗಿಲ್ಲ, ಇರುವ ತನಕ ನುಂಗಬೇಕು ಎಂದು ಬೆರಳೆತ್ತಿ ಹೇಳಿದರು. ಇರುವ ತನಕ ಎಂಬ ಮಾತಿಗೆ ಅತ್ತೆ ಮತ್ತೆ ಹೆದರಿಯಾರು ಎಂದು ನನಗೆ ದಿಗಿಲಾಯಿತು. ಅವರು ಸೆರಗು ಸರಿಮಾಡಿಕೊಳ್ಳುತ್ತ ಎದ್ದರು.

“ನುಂಗ್ತೀನಿ ಬಿಡ್ರಿ. ಅದು ಎಲ್ಲಿಗೆ ಹೋಗಿ ನಿಲ್ಲತೈತಿ ಅನ್ನೂದು ನಮ್ಮ ಸೊಸಿಗೆ ಗೊತ್ತೈತಿ.”

ಡಾಕ್ಟರು ಏನೂ ತಿಳಿಯದೆ ನನ್ನ ಕಡೆ ನೋಡಿದರು. ಹೌದು, ಗೊತ್ತಿದೆ ಎಂದೆ. ಆ ಮಾತು ನಿಜವಾಗಿತ್ತು.